ಕವಡೆಯ ಹೊಸ ಪಳೆಯುಳಿಕೆ ಪ್ರಭೇದವನ್ನು ವರ್ಣಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಸಿಕ್ಕ ಕವಡೆ ಪಳೆಯುಳಿಕೆ ಯಾವ ಚಿತ್ರಕ್ಕೂ ಹೊಂದುತ್ತಿಲ್ಲ. ಹೊಸ ಪ್ರಭೇದ ಅನ್ನಬಹುದೇ?

ಈಗಲೇ ಬೇಡ. ಚಿತ್ರಕ್ಕೆ ಹೊಂದದಿರಲು ಹೊಸತನಕ್ಕಿಂತ ಸಾಮಾನ್ಯವಾದ ಕಾರಣಗಳು ನಾಲ್ಕಿವೆ: ಅದು ಬಲಿಯದ ಚಿಪ್ಪಾಗಿರಬಹುದು, ಅಲೆಗೆ ಸಿಕ್ಕಿ ಸವೆದಿರಬಹುದು, ಮಣ್ಣಿನ ಭಾರಕ್ಕೆ ಅಪ್ಪಚ್ಚಿಯಾಗಿರಬಹುದು, ಇಲ್ಲವೇ ನೂರು ವರ್ಷದ ಹಿಂದೆ ಯಾರೋ ಹೆಸರಿಟ್ಟು ಎಲ್ಲರೂ ಮರೆತ ಪ್ರಭೇದವಾಗಿರಬಹುದು. ಈ ನಾಲ್ಕನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೂ ವ್ಯತ್ಯಾಸ ಉಳಿದರೆ ಆಗ ಮುಂದಿನ ಮಾತು. ಹೆಸರಿಡುವ ಕೆಲಸದಲ್ಲಿ ಮುಕ್ಕಾಲು ಪಾಲು ಹೋಲಿಕೆಯೇ. ಬರವಣಿಗೆ ಕೊನೆಯ ಕಾಲು ಪಾಲು.

ಬಲಿತ ಚಿಪ್ಪು, ಬಲಿಯದ ಚಿಪ್ಪು ಅಂತ ಗುರುತಿಸುವುದು ಹೇಗೆ?

ಕವಡೆ ಬೆಳೆಯುವ ರೀತಿ ಬೇರೆ ಶಂಖಗಳಿಗಿಂತ ಭಿನ್ನ. ಮೊದಲ ಹಂತದಲ್ಲಿ ಚಿಪ್ಪು ತೆಳು, ಬಾಯಿ ಅಗಲ, ಹೊರತುಟಿ ಚೂಪು, ಹಿಂತುದಿಯ ಸುರುಳಿ ಕಣ್ಣಿಗೆ ಕಾಣುತ್ತದೆ. ಇದನ್ನು ಬುಲ್ಲಾ ಹಂತ ಎನ್ನುತ್ತಾರೆ. ಆಮೇಲೆ ತುಟಿ ಒಳಕ್ಕೆ ಮಡಿಚಿಕೊಳ್ಳುತ್ತದೆ, ಬಾಯಿ ಸೀಳಿನಷ್ಟು ಕಿರಿದಾಗುತ್ತದೆ, ಎರಡೂ ಅಂಚಿನಲ್ಲಿ ಹಲ್ಲು ಮೂಡುತ್ತವೆ. ಅಲ್ಲಿಗೆ ಉದ್ದ ಬೆಳೆಯುವುದು ನಿಂತಿತು. ಮುಂದೆ ಪ್ರಾಣಿಯ ಮ್ಯಾಂಟಲ್ (ಚಿಪ್ಪನ್ನು ಕಟ್ಟುವ ಮೆದು ಹೊದಿಕೆ) ಚಿಪ್ಪಿನ ಮೇಲೆ ಪದರದ ಮೇಲೆ ಪದರ ಹಚ್ಚುತ್ತ ಹೋಗುವುದರಿಂದ ದಪ್ಪ ಮಾತ್ರ ಹೆಚ್ಚುತ್ತದೆ, ಸುರುಳಿ ಮುಚ್ಚಿಹೋಗುತ್ತದೆ.

ಇದರಿಂದ ಎರಡು ಮಾತು ಹುಟ್ಟುತ್ತವೆ. ಒಂದು, ಬುಲ್ಲಾ ಹಂತದ ಚಿಪ್ಪನ್ನು ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗಿ ಗೊತ್ತುಪಡಿಸುವ ಒಂದು ಮಾದರಿ) ಮಾಡಲೇಬೇಡಿ. ಬೇರೆ ಬೇರೆ ಕುಲಗಳ ಎಳೆಯ ಚಿಪ್ಪುಗಳು ಒಂದನ್ನೊಂದು ಹೋಲುತ್ತವೆ. ಎರಡು, ಬಲಿತ ಕವಡೆಯ ಗಾತ್ರದಿಂದ ವಯಸ್ಸು ತಿಳಿಯದು. ಈಗ ಬದುಕಿರುವ ಮೊನೆಟೇರಿಯಾ ಮೊನೆಟಾದಲ್ಲೇ 15 ಮಿ.ಮೀ. ಇರುವ ಬಲಿತ ಚಿಪ್ಪೂ ಇದೆ, 35 ಮಿ.ಮೀ. ಇರುವುದೂ ಇದೆ. "ನಮ್ಮದು ಅರ್ಧದಷ್ಟೇ ಇದೆ, ಆದ್ದರಿಂದ ಬೇರೆ ಪ್ರಭೇದ" ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಇದು ಕವಡೆ ಕುಟುಂಬದ್ದೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಬೆನ್ನನ್ನು ದಾಟಿ ಹೋಗುವ ಅಡ್ಡ ಏಣುಗಳಿದ್ದರೆ ಮೊದಲು ಟ್ರೈವಿಯಿಡೇ ಕುಟುಂಬವನ್ನು ನೋಡಿ. ಒಳಗಿನ ಅಂಚಿನಲ್ಲಿ ಹಲ್ಲೇ ಇಲ್ಲದೆ ಎರಡು ತುದಿಗಳು ಕೊಕ್ಕಿನಂತೆ ಚಾಚಿದ್ದರೆ ಓವ್ಯುಲಿಡೇ ಇರಬಹುದು. ಸಿಪ್ರಿಯಿಡೇಗೆ ಎರಡೂ ತುಟಿಗಳಲ್ಲಿ ಹಲ್ಲು, ಮುಂತುದಿಯ ಹತ್ತಿರ ಸ್ತಂಭದ (ಸುರುಳಿಯ ನಡುಗಂಬ, ಬಾಯಿಯ ಒಳ ಅಂಚು ಇದರ ಕಡೆಯದು) ಒಳಬದಿಯಲ್ಲಿ ಫಾಸ್ಯುಲಾ ಎಂಬ ತಗ್ಗು. ಹಳೆಯ ಸ್ತರಗಳಲ್ಲಿ ಈ ಗಡಿಗಳು ಮಸುಕು. ಕವಡೆಗಳ ವಂಶ ಜುರಾಸಿಕ್ ಕಾಲದ ಅಂತ್ಯದವರೆಗೂ ಹಿಂದಕ್ಕೆ ಹೋಗುತ್ತದೆ. ಆ ಕಾಲದ ರೂಪಗಳಲ್ಲಿ ಈಗಿನ ಲಕ್ಷಣಗಳೆಲ್ಲ ಒಟ್ಟಿಗೆ ಸಿಗುವುದಿಲ್ಲ.

ಸಂಗ್ರಹಿಸುವಾಗಲೇ ಏನೇನು ಬರೆದಿಟ್ಟುಕೊಳ್ಳಬೇಕು?

ಸ್ಥಳದ ಜಿಪಿಎಸ್ ಅಂಕಿ (ಯಾವ ಡೇಟಮ್, ಅಂದರೆ ಅಂಕಿಗಳಿಗೆ ಆಧಾರವಾದ ಭೂಮಾಪನ ಚೌಕಟ್ಟು, ಎಂಬುದನ್ನೂ ಸೇರಿಸಿ), ಶಿಲಾಸಮೂಹದ ಹೆಸರು, ಪದರಗಳು ತೆರೆದು ಕಾಣುವ ಕಡಿತದ ಬುಡದಿಂದ ಎಷ್ಟು ಮೀಟರ್ ಎತ್ತರದ ಪದರ, ಆ ಪದರದ ದಪ್ಪ ಮತ್ತು ಕಲ್ಲಿನ ಬಗೆ, ಜೊತೆಗೆ ಸಿಕ್ಕ ಇತರ ಚಿಪ್ಪುಗಳು. ಕವಡೆ ಪದರದೊಳಗೇ ಕೂತಿತ್ತೋ, ಉದುರಿ ಕೆಳಗೆ ಬಿದ್ದಿತ್ತೋ ಎಂಬುದನ್ನು ಮರೆಯದೆ ಬರೆಯಿರಿ. ಅದೇ ಪದರದಿಂದ ಅರ್ಧದಿಂದ ಒಂದು ಕಿಲೋ ಮಣ್ಣನ್ನೂ ಚೀಲಕ್ಕೆ ತುಂಬಿಕೊಳ್ಳಿ. ಮುಂದೆ ಅದರಲ್ಲಿನ ಫೊರಾಮಿನಿಫೆರಾ ಅಥವಾ ನ್ಯಾನೋಫಾಸಿಲ್ ಎಂಬ ಅತಿ ಸಣ್ಣ ಪಳೆಯುಳಿಕೆಗಳನ್ನು ನೋಡಿ ಕಾಲ ಹೇಳಲು ಆಗುತ್ತದೆ.

ಎಷ್ಟೇ ಅಂದವಾಗಿದ್ದರೂ, ಪದರದ ವಿವರ ಇಲ್ಲದ ಚಿಪ್ಪಿಗೆ ಈ ಕೆಲಸದಲ್ಲಿ ಕವಡೆ ಕಾಸಿನ ಕಿಮ್ಮತ್ತೂ ಇಲ್ಲ. ಸಂಗ್ರಹಕ್ಕೆ ಬೇಕಾದ ಅನುಮತಿ ಪತ್ರಗಳ ಪ್ರತಿಯನ್ನೂ ಇಟ್ಟುಕೊಳ್ಳಿ, ಪತ್ರಿಕೆಗಳು ಕೇಳುತ್ತವೆ.

ಚಿಪ್ಪು ಆ ಪದರದ ಕಾಲದ್ದೇ ಎಂದು ನಂಬಬಹುದೇ?

ಯಾವಾಗಲೂ ಅಲ್ಲ. ಹಳೆಯ ಪದರ ಕೊರೆದುಹೋಗಿ, ಅದರ ಚಿಪ್ಪು ಹೊಸ ಪದರದಲ್ಲಿ ಸೇರಿಕೊಳ್ಳುವುದುಂಟು. ಕವಡೆ ಗಟ್ಟಿ ಚಿಪ್ಪು, ಉರುಳುವುದನ್ನು ತಡೆದುಕೊಳ್ಳುತ್ತದೆ. ಬಾಯೊಳಗಿನ ಮಣ್ಣು ಹೊರಗಿನ ಮಣ್ಣಿಗಿಂತ ಬೇರೆ ಬಣ್ಣದ್ದೋ ಬೇರೆ ಕಣದ್ದೋ ಆಗಿದ್ದರೆ ಅನುಮಾನಪಡಿ. ಅದಕ್ಕೇ ಬಾಯಿ ಸ್ವಚ್ಛ ಮಾಡುವ ಮುನ್ನ ಚಿಟಿಕೆ ಮಣ್ಣನ್ನು ಸಣ್ಣ ಡಬ್ಬಿಯಲ್ಲಿ ತೆಗೆದಿಡಬೇಕು. ತೀರ ಇತ್ತೀಚಿನ ಪದರಗಳಲ್ಲಿ ಇನ್ನೊಂದು ತಕರಾರು: ಮನುಷ್ಯರು ಕವಡೆಯನ್ನು ಹಣವಾಗಿ, ಒಡವೆಯಾಗಿ ಖಂಡಾಂತರ ಸಾಗಿಸಿದ್ದಾರೆ. ಬೆನ್ನು ಕತ್ತರಿಸಿದ ಅಥವಾ ದಾರಕ್ಕೆಂದು ತೂತು ಮಾಡಿದ ಚಿಪ್ಪು ಸಿಕ್ಕರೆ ಅದು ಪುರಾತತ್ತ್ವದವರ ಪಾಲು.

ಸ್ವಚ್ಛ ಮಾಡಲು ವಿನೆಗರ್ ಅಥವಾ ಆಸಿಡ್ ಬಳಸಬಹುದೇ?

ಖಂಡಿತ ಬೇಡ. ಚಿಪ್ಪು ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಕಲ್ಲನ್ನು ಕರಗಿಸುವಷ್ಟೇ ವೇಗವಾಗಿ ಚಿಪ್ಪನ್ನೂ ಕರಗಿಸುತ್ತದೆ. ಮೊದಲು ಹೋಗುವುದು ಹಲ್ಲುಗಳ ಅಂಚು, ನಿಮಗೆ ಬೇಕಾಗಿರುವುದೂ ಅದೇ.

ಜೇಡಿಮಣ್ಣಾದರೆ ಒಣಗಿಸಿ, ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ಮೆದು ಕುಂಚದಿಂದ ಉಜ್ಜಿ. ಬಗ್ಗದಿದ್ದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್‌ನ ತೆಳು ದ್ರಾವಣ. ಬಿರುಕು ಇರುವ ಚಿಪ್ಪನ್ನು ನೆನೆಸಲೇಬೇಡಿ, ಒಳಗಿನ ಜೇಡಿ ಉಬ್ಬಿ ಸೀಳಿಬಿಡುತ್ತದೆ. ಗಟ್ಟಿ ಕಲ್ಲಾದರೆ ಸೂಜಿ, ದಂತವೈದ್ಯರ ಕೊಕ್ಕೆ, ಗಾಳಿಯಿಂದ ಓಡುವ ಏರ್ ಸ್ಕ್ರೈಬ್. ಸೂಕ್ಷ್ಮದರ್ಶಕದ ಕೆಳಗೆ, ಚಿಪ್ಪಿನಿಂದ ಹೊರಮುಖವಾಗಿ. ಬಾಯಿಯ ಸೀಳಿನಲ್ಲಿ ಏರ್ ಸ್ಕ್ರೈಬ್ ತೂರಿಸಬೇಡಿ. ಅಲ್ಲಿ ಸೂಜಿ ಮತ್ತು ತಾಳ್ಮೆ ಎರಡೇ ಸಾಧನ. ಫಾಸ್ಯುಲಾ ಕಾಣುವವರೆಗೆ ಬಾಯಿ ತೆರವಾಗಬೇಕು. ಆಗದಿದ್ದರೆ ಮೈಕ್ರೋ ಸಿಟಿ ಸ್ಕ್ಯಾನ್ ಒಂದು ದಾರಿ, ಆದರೆ ಸುಣ್ಣದ ಚಿಪ್ಪಿನೊಳಗೆ ಸುಣ್ಣಕಲ್ಲೇ ತುಂಬಿದ್ದರೆ ಎರಡರ ಸಾಂದ್ರತೆಯೂ ಒಂದೇ ಆಗಿ ಸ್ಕ್ಯಾನ್‌ನಲ್ಲಿ ಗಡಿ ಕಾಣುವುದಿಲ್ಲ.

ಪುಡಿಯಾಗುವ ಚಿಪ್ಪಿಗೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಗಟ್ಟಿಗೊಳಿಸುವ ರಾಳ, ಸುಮಾರು 5 ಪ್ರತಿಶತ. ದಪ್ಪಗೆ ಹಚ್ಚಿದರೆ ಹೊಳಪು ಬಂದು ಫೋಟೋ ಕೆಡುತ್ತದೆ. ಫೆವಿಕ್ವಿಕ್ ಥರದ ಅಂಟು ಬೇಡ, ಅದನ್ನು ಮತ್ತೆ ಬಿಡಿಸುವುದು ಕಷ್ಟ.

ಚಿಪ್ಪು ಉಳಿದಿಲ್ಲ, ಒಳಗಿನ ಅಚ್ಚು ಮಾತ್ರ ಸಿಕ್ಕಿದೆ. ಅದರ ಮೇಲೆ ಹೆಸರಿಡಬಹುದೇ?

ಹೆಸರಿಡುವ ನಿಯಮ ಅಡ್ಡಿ ಮಾಡುವುದಿಲ್ಲ, ವಿವೇಕ ಮಾಡಬೇಕು. ಅರಗೊನೈಟ್ ಸುಲಭವಾಗಿ ಕರಗುವುದರಿಂದ ಸುಣ್ಣಕಲ್ಲಿನಲ್ಲಿ ಕವಡೆ ಬಹಳ ಸಲ ಅಚ್ಚಾಗಿಯೇ ಸಿಗುತ್ತದೆ. ಅಚ್ಚಿನಲ್ಲಿ ತುಟಿಯ ದಪ್ಪ, ಅಂಚಿನ ಉಬ್ಬು, ತಳದ ಗಂಟು ಯಾವುದೂ ಇರದು. ಬಲಿತ ಚಿಪ್ಪಿನ ಅಚ್ಚು ಸಪೂರವಾಗಿ, ಸುರುಳಿ ಎದ್ದು ಕಾಣುವಂತಿದ್ದು, ಬೇರೆಯದೇ ಕುಲದಂತೆ ತೋರುತ್ತದೆ. ಹಿಂದಿನವರು ಹೀಗೆ ಅಚ್ಚುಗಳ ಮೇಲೆ ಇಟ್ಟ ಹೆಸರುಗಳು ಇಂದಿಗೂ ಯಾವ ಚಿಪ್ಪಿಗೂ ಅಂಟದೆ ತೇಲುತ್ತಿವೆ. ಹೊರ ಅಚ್ಚು ಸಿಕ್ಕಿದ್ದರೆ ಮಾತು ಬೇರೆ: ಸಿಲಿಕೋನ್ ಅಥವಾ ಲೇಟೆಕ್ಸ್ ಸುರಿದು ಎರಕ ತೆಗೆದರೆ ಹಲ್ಲುಗಳು ಸಹ ಮೂಡಿಬರುತ್ತವೆ. ಒಳ ಅಚ್ಚು ಮಾತ್ರ ಇದ್ದರೆ ಕುಲದ ಹೆಸರಿನ ನಂತರ "ಎಸ್‌ಪಿ." (ಪ್ರಭೇದ ಯಾವುದೆಂದು ಹೇಳಿಲ್ಲ ಎಂಬ ಗುರುತು) ಎಂದು ಬರೆದು, ಚಿತ್ರ ಹಾಕಿ ಬಿಡುವುದು ಲೇಸು.

ಯಾವ ಯಾವ ಅಳತೆ ಬೇಕು?

ಉದ್ದ, ಅಗಲ, ಎತ್ತರ, 0.1 ಮಿ.ಮೀ. ತೋರಿಸುವ ಕ್ಯಾಲಿಪರ್ ಸಾಕು. ಹೊರತುಟಿಯ ಹಲ್ಲು, ಸ್ತಂಭದ ಕಡೆಯ ಹಲ್ಲು, ಎರಡರ ಎಣಿಕೆ. ಅಗಲ ಮತ್ತು ಎತ್ತರವನ್ನು ಉದ್ದದ ಪ್ರತಿಶತವಾಗಿ ಕೊಡುವುದು ವಾಡಿಕೆ.

ಚಿಪ್ಪು ದೊಡ್ಡದಾದಂತೆ ಹಲ್ಲೂ ಹೆಚ್ಚುತ್ತವೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಆದ್ದರಿಂದ ಬೇರೆ ಬೇರೆ ಗಾತ್ರದವನ್ನು ಹೋಲಿಸಲು ಎಣಿಕೆಯನ್ನು 25 ಮಿ.ಮೀ. ಉದ್ದದ ಚಿಪ್ಪಿಗೆ ಇಳಿಸಿಕೊಳ್ಳುತ್ತಾರೆ. ಕವಡೆ ಸಂಶೋಧಕರಾದ ಶಿಲ್ಡರ್ ದಂಪತಿಗಳಿಂದ ಬಂದ ಸೂತ್ರ ಹೀಗಿದೆ:

7 + (ಹಲ್ಲಿನ ಎಣಿಕೆ − 7) × √(25 ÷ ಉದ್ದ)

ಉದಾಹರಣೆಗೆ ಉದ್ದ 36, ಅಗಲ 24, ಎತ್ತರ 19 ಮಿ.ಮೀ.; ತುಟಿಯಲ್ಲಿ 19 ಹಲ್ಲು, ಸ್ತಂಭದ ಕಡೆ 13. 25ನ್ನು 36ರಿಂದ ಭಾಗಿಸಿದ ವರ್ಗಮೂಲ 0.833. ತುಟಿಗೆ 7 + 12 × 0.833 = 17; ಸ್ತಂಭಕ್ಕೆ 7 + 6 × 0.833 = 12. ಅಗಲ ಉದ್ದದ 67, ಎತ್ತರ 53 ಪ್ರತಿಶತ. ಒಟ್ಟು ಬರೆಯುವುದು 36(67–53)17:12.

ತಪ್ಪಾಗುವುದು ಲೆಕ್ಕದಲ್ಲಲ್ಲ, ಎಣಿಕೆಯಲ್ಲಿ. ಮುಂತುದಿಯಲ್ಲಿ ಸ್ತಂಭದ ಕಡೆ ಒಂದು ದಪ್ಪ ಏಣು ಇರುತ್ತದೆ. ಅದನ್ನು ಹಲ್ಲೆಂದು ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ನೀವು ಯಾವ ಗುಂಪು ಎಂಬುದನ್ನು ವಿಧಾನದ ಭಾಗದಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡಿ. 10 ಪಟ್ಟು ಹಿಗ್ಗಿಸಿ, ಮೂರು ಸಲ ಎಣಿಸಿ, ಸಾಧ್ಯವಾದರೆ ಇನ್ನೊಬ್ಬರಿಂದಲೂ ಎಣಿಸಿ. ಜಜ್ಜಿಹೋದ ಚಿಪ್ಪಿನ ಅಗಲ, ಎತ್ತರಗಳನ್ನು ಸರಾಸರಿಗೆ ಸೇರಿಸಬೇಡಿ. ಆದರೆ ಅದರ ಹಲ್ಲು ಎಣಿಸಲು ಅಡ್ಡಿಯಿಲ್ಲ.

ಯಾವ ಲಕ್ಷಣಗಳ ಮೇಲೆ ಭರವಸೆ ಇಡಬಹುದು, ಯಾವುದರ ಮೇಲೆ ಇಡಬಾರದು?

ಗಟ್ಟಿ ಲಕ್ಷಣಗಳು: ಹಲ್ಲುಗಳ ಆಕಾರ ಮತ್ತು ಅವು ತಳದ ಮೇಲೆ ಎಷ್ಟು ದೂರ ಚಾಚುತ್ತವೆ, ಫಾಸ್ಯುಲಾದ ಅಗಲ, ಆಳ ಮತ್ತು ಅದರ ಮೇಲೆ ಹಲ್ಲು ದಾಟುತ್ತವೆಯೇ ಇಲ್ಲವೇ, ಬಾಯಿಯ ಬಾಗು ಮತ್ತು ಅದು ಮುಂತುದಿಯಲ್ಲಿ ಎಷ್ಟು ಅಗಲವಾಗುತ್ತದೆ, ಸುರುಳಿ ಹೊರಕ್ಕಿದೆಯೋ ತಗ್ಗಿನಲ್ಲಿದೆಯೋ, ಎರಡೂ ತುದಿಗಳ ರಚನೆ. ಫ್ಲೋರಿಡಾದ ಸೈಫೋಸಿಪ್ರಿಯಾ ಎಂಬ ಪಳೆಯುಳಿಕೆ ಕುಲವನ್ನು ಹಿಂತುದಿಯಲ್ಲಿ ಅಲ್ಪವಿರಾಮದಂತೆ ತಿರುಗುವ ಕಾಲುವೆಯಿಂದಲೇ ಗುರುತಿಸುತ್ತಾರೆ.

ಗಾತ್ರ, ಅಂಚಿನ ದಪ್ಪ, ಒಟ್ಟಾರೆ ಉದ್ದುದ್ದ ಅಥವಾ ಉರುಟು ರೂಪ ಇವೆಲ್ಲ ನೀರಿನ ಆಳ, ಆಹಾರ, ವಯಸ್ಸುಗಳಿಗೆ ತಕ್ಕಂತೆ ಬದಲಾಗುತ್ತವೆ. ನ್ಯೂ ಕ್ಯಾಲೆಡೋನಿಯಾದ ಕವಡೆಗಳನ್ನು ನೋಡಿ: ಅಲ್ಲಿ ಹಲವು ಪ್ರಭೇದಗಳಲ್ಲಿ ತುದಿಗಳು ಸೊಂಡಿಲಿನಂತೆ ಚಾಚಿ, ಚಿಪ್ಪು ಕಪ್ಪಾಗುವುದಿದೆ. ಅವನ್ನೇ ಒಂದು ದಶಲಕ್ಷ ವರ್ಷ ಬಿಟ್ಟು ಕಲ್ಲಿನಿಂದ ತೆಗೆದರೆ ಯಾರಾದರೂ ಹೊಸ ಕುಲ ಎಂದೇ ಬರೆಯುತ್ತಿದ್ದರು. ವಿಕಾರಗೊಂಡ ಒಂಟಿ ಮಾದರಿಗೆ, ಅದು ವಿಕಾರ ಎಂದು ಗೊತ್ತಿದ್ದೇ ಇಟ್ಟ ಹೆಸರನ್ನು ಪ್ರಾಣಿಗಳಿಗೆ ಹೆಸರಿಡುವ ನಿಯಮಸಂಹಿತೆಯೂ ಲೆಕ್ಕಕ್ಕೆ ತೆಗೆದುಕೊಳ್ಳದು.

ಬಣ್ಣ ಮಾಸಿಹೋಗಿದೆ. ಚಿತ್ತಾರ ಕಾಣುವಂತೆ ಮಾಡಬಹುದೇ?

ನಿಯೋಜೀನ್ (ಸುಮಾರು 2.3 ಕೋಟಿ ವರ್ಷದ ಹಿಂದೆ ಶುರುವಾದ ಕಾಲ) ಮತ್ತು ಅದರ ಈಚಿನ ಚಿಪ್ಪುಗಳಲ್ಲಿ, ಅರಗೊನೈಟ್ ಬದಲಾಗದೆ ಉಳಿದಿದ್ದರೆ, ಬಹಳ ಸಲ ಆಗುತ್ತದೆ. ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಬಟ್ಟೆಯ ಬ್ಲೀಚ್‌ನಲ್ಲಿ 24ರಿಂದ 48 ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ, ಕತ್ತಲ ಕೋಣೆಯಲ್ಲಿ ದೀರ್ಘ ತರಂಗದ ನೇರಳಾತೀತ ದೀಪ ಹಿಡಿಯಿರಿ. ಹಿಂದೆ ಬಣ್ಣವಿದ್ದ ಜಾಗ ಹೊಳೆಯುತ್ತದೆ. ಹಾಗಾಗಿ ಜೀವಂತ ಚಿಪ್ಪಿನಲ್ಲಿ ಕಪ್ಪಗಿದ್ದ ಚುಕ್ಕೆ ಇಲ್ಲಿ ಬೆಳಕಾಗಿ ಕಾಣಬಹುದು. ಚಿತ್ರವನ್ನು ಪ್ರಕಟಿಸುವಾಗ ಬೆಳಕು ಕತ್ತಲು ತಿರುಗಿಸಿದ್ದರೆ ಹಾಗೆಂದು ಹೇಳಿ.

ಕವಡೆಯಲ್ಲಿ ಒಂದು ಸಂಗತಿ ಗಮನದಲ್ಲಿರಲಿ: ಎಳೆಯ ಚಿಪ್ಪಿನ ಬಣ್ಣದ ಪಟ್ಟಿಗಳ ಮೇಲೆ ಬಲಿತಾಗಿನ ಪದರ ಕೂರುತ್ತದೆ. ಮೇಲ್ಪದರ ಸವೆದಿದ್ದರೆ ನಿಮಗೆ ಕಾಣುವುದು ಎಳೆತನದ ಚಿತ್ತಾರ. ಅದನ್ನು ಬೇರೆ ಪ್ರಭೇದದ ಬಲಿತ ಚಿತ್ತಾರಕ್ಕೆ ಹೋಲಿಸಿದರೆ ಸಿಗುವುದು ಇಲ್ಲದ ವ್ಯತ್ಯಾಸ.

ಪ್ಯಾರಲಾಯ್ಡ್ ಹಚ್ಚುವುದಕ್ಕಿಂತ ಮೊದಲೇ ಈ ಕೆಲಸ ಮುಗಿಸಿ. ಬ್ಲೀಚ್ ಜೊತೆ ಆಸಿಡ್ ಆಗಲಿ ಅಮೋನಿಯಂ ಲವಣವಾಗಲಿ ಸೇರಿದರೆ ವಿಷಾನಿಲ ಹೊರಡುತ್ತದೆ, ಎಚ್ಚರ. ಮುಂದೆ ಐಸೊಟೋಪ್ ಪರೀಕ್ಷೆ ಮಾಡಿಸುವ ಯೋಚನೆ ಇದ್ದರೆ ಒಂದೆರಡು ಚಿಪ್ಪುಗಳನ್ನು ಏನೂ ಮಾಡದೆ ಹಾಗೇ ಎತ್ತಿಡಿ.

ಫೋಟೋ ಹೇಗಿರಬೇಕು?

ಬೆನ್ನು, ತಳ, ಎಡಬಲ ಪಕ್ಕ, ಮುಂತುದಿ, ಹಿಂತುದಿ. ಜೊತೆಗೆ ಫಾಸ್ಯುಲಾದ ಒಂದು ಹತ್ತಿರದ ನೋಟ. ಹಿಂತುದಿ ಮೇಲಕ್ಕೆ, ಮುಂತುದಿ ಕೆಳಕ್ಕೆ. ತಳದ ಚಿತ್ರದಲ್ಲಿ ಹೊರತುಟಿ ನೋಡುವವರ ಬಲಗಡೆ ಬರಬೇಕು, ಎಡಕ್ಕೆ ಬಂದಿದ್ದರೆ ಚಿತ್ರ ಕನ್ನಡಿಯಂತೆ ತಿರುಗಿದೆ ಎಂದರ್ಥ. ಬೆಳಕು ಮೇಲೆಡದಿಂದ. ಪ್ರತಿ ಚಿತ್ರಕ್ಕೂ ಅಳತೆಗೋಲು.

ಹೊಳಪು ಉಳಿದ ಚಿಪ್ಪು ಹಲ್ಲುಗಳನ್ನು ಮರೆಮಾಡುತ್ತದೆ. ಅಮೋನಿಯಂ ಕ್ಲೋರೈಡನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿ ಅದರ ಬಿಳಿ ಹೊಗೆಯನ್ನು ತೆಳ್ಳಗೆ ಕೂರಿಸಿದರೆ ಎಲ್ಲ ಏಣೂ ಎದ್ದು ಕಾಣುತ್ತದೆ. ಗಾಳಿಯಾಡುವ ಕಡೆ ಮಾಡಿ, ಫೋಟೋ ಮುಗಿದ ಕೂಡಲೇ ತೊಳೆದುಬಿಡಿ. ತೇವ ಹೀರಿದರೆ ಅದು ಆಮ್ಲೀಯವಾಗಿ ಚಿಪ್ಪನ್ನು ತಿನ್ನುತ್ತದೆ. ಬಣ್ಣದ ಚಿತ್ರವನ್ನು ಇದಕ್ಕಿಂತ ಮುಂಚೆಯೇ ತೆಗೆದಿರಬೇಕು.

ಎಷ್ಟು ಮಾದರಿ ಬೇಕು?

ನಿಯಮಕ್ಕೆ ಒಂದು ಸಾಕು. ನಂಬಿಕೆಗೆ ಸಾಲದು. ಬಲಿತ, ಒಳ್ಳೆಯ ಸ್ಥಿತಿಯ ಐದಾರು ಚಿಪ್ಪು ಇದ್ದರೆ ವ್ಯತ್ಯಾಸದ ವ್ಯಾಪ್ತಿ ಸ್ವಲ್ಪ ಕಾಣುತ್ತದೆ; ಇಪ್ಪತ್ತು ದಾಟಿದರೆ ಅಂಕಿಅಂಶದ ಮಾತು ಆಡಬಹುದು. ಎಲ್ಲ ಅಳತೆಗೂ ಕನಿಷ್ಠ, ಗರಿಷ್ಠ, ಸರಾಸರಿ ಕೊಡಿ. ಗಿಸೋರ್ಟಿಯಾದಂಥ 30 ಸೆಂ.ಮೀ. ದಾಟುವ ಈಯೊಸೀನ್ ಕಾಲದ (ಸುಮಾರು 5.6ರಿಂದ 3.4 ಕೋಟಿ ವರ್ಷದ ಹಿಂದಿನ) ದೈತ್ಯಗಳು ಇಡಿಯಾಗಿ ಸಿಗುವುದೇ ಅಪರೂಪ, ಅಂಥಲ್ಲಿ ಒಂದೇ ಮಾದರಿಯನ್ನೂ ಒಪ್ಪುತ್ತಾರೆ.

ಹೋಲಿಕೆಗೆ ಯಾವ ಪ್ರಭೇದಗಳನ್ನು ತೆಗೆದುಕೊಳ್ಳಬೇಕು?

ಅದೇ ಕುಲದ, ಅದೇ ಸಾಗರ ಪ್ರಾಂತದ ಎಲ್ಲ ಪಳೆಯುಳಿಕೆಗಳು, ಸ್ವಲ್ಪ ಹಿಂದಿನ ಮತ್ತು ಮುಂದಿನ ಕಾಲದವು, ಜೊತೆಗೆ ಅವುಗಳ ಈಗಿನ ಬಂಧುಗಳು. ಹಿಂದೆ ಎಲ್ಲ ಕವಡೆಯನ್ನೂ ಸಿಪ್ರಿಯಾ ಎಂಬ ಒಂದೇ ಕುಲಕ್ಕೆ ತುಂಬುತ್ತಿದ್ದರು, ಹಾಗಾಗಿ ಹಳೆಯ ಸಾಹಿತ್ಯವನ್ನು ಹುಡುಕುವಾಗ ಈಗಿನ ಕುಲದ ಹೆಸರು ಕೈಕೊಡುತ್ತದೆ. ಪ್ರಭೇದದ ಪದ ಹಿಡಿದು ಹುಡುಕಿ.

ಹಳೆಯ ಚಿತ್ರಗಳನ್ನು ನಂಬಬೇಡಿ. ಕಲ್ಲಚ್ಚಿನ ಕಾಲದ ಕಲಾವಿದರು ಮುರಿದ ತುಟಿಯನ್ನು ಪೂರ್ತಿ ಮಾಡಿ, ಹಲ್ಲುಗಳನ್ನು ಸಮಾನ ಅಂತರದಲ್ಲಿ ಜೋಡಿಸಿ ಬರೆದದ್ದುಂಟು. ಮೂಲ ಟೈಪ್ ಮಾದರಿಯನ್ನು ವಸ್ತುಸಂಗ್ರಹಾಲಯದಲ್ಲಿ ಕಣ್ಣಾರೆ ನೋಡಿ, ಆಗದಿದ್ದರೆ ಅಲ್ಲಿನ ಕ್ಯುರೇಟರ್‌ಗೆ ಬರೆದು ಹೊಸ ಫೋಟೋ ತರಿಸಿಕೊಳ್ಳಿ. ತಳದ ಫೋಟೋ ಬೇಕೆಂದು ಬಿಡಿಸಿ ಕೇಳಿ; ಕೇಳದಿದ್ದರೆ ಬರುವುದು ಬೆನ್ನಿನ ಫೋಟೋ, ಅದರಲ್ಲಿ ಉಪಯೋಗವಿಲ್ಲ.

ಲೇಖನದಲ್ಲಿ ಯಾವ ಭಾಗಗಳು ಇರಲೇಬೇಕು?

ಭೂವೈಜ್ಞಾನಿಕ ಹಿನ್ನೆಲೆ, ವಿಧಾನ, ಆಮೇಲೆ ವರ್ಗೀಕರಣದ ಭಾಗ. ಇದರಲ್ಲಿ ಕುಟುಂಬ, ಕುಲ, ಹೊಸ ಹೆಸರು ಮತ್ತು ಅದು ಹೊಸದೆಂಬ ಸ್ಪಷ್ಟ ಸೂಚನೆ, ಹೆಸರಿನ ಅರ್ಥ, ಹೋಲೋಟೈಪ್ ಮತ್ತು ಪ್ಯಾರಟೈಪ್‌ಗಳ (ಹೋಲೋಟೈಪ್ ಜೊತೆ ಹೆಸರಿಸುವ ಉಳಿದ ಮಾದರಿಗಳು) ನೋಂದಣಿ ಸಂಖ್ಯೆ, ಸ್ಥಳ, ಸ್ತರ, ಕಾಲ, ಲಕ್ಷಣಸಾರ, ವರ್ಣನೆ, ಅಳತೆಗಳು, ಹೋಲಿಕೆ.

ಲಕ್ಷಣಸಾರಕ್ಕೂ ವರ್ಣನೆಗೂ ಇರುವ ಫರಕನ್ನು ಮೊದಲ ಸಲ ಬರೆಯುವವರು ಕಲಸಿಬಿಡುತ್ತಾರೆ. ಲಕ್ಷಣಸಾರ ಎಂದರೆ ಈ ಪ್ರಭೇದವನ್ನು ಬಂಧುಗಳಿಂದ ಬೇರ್ಪಡಿಸುವ ನಾಲ್ಕೈದು ಲಕ್ಷಣ ಮಾತ್ರ. "ಚಿಪ್ಪು ಮೊಟ್ಟೆಯಾಕಾರ, ನುಣುಪು, ಬಾಯಿ ಕಿರಿದು" ಎಂದರೆ ಅದು ಎಲ್ಲ ಕವಡೆಗೂ ಹೊಂದುತ್ತದೆ. ಅದರ ಜಾಗ ವರ್ಣನೆಯಲ್ಲಿ.

ಹೆಸರು ಮಾನ್ಯವಾಗಲು ನಿಯಮ ಏನು ಹೇಳುತ್ತದೆ?

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ನಿಯಮಸಂಹಿತೆ ಇದೆ. ಅದರ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಪಳೆಯುಳಿಕೆಗೂ ಜೀವಂತ ಪ್ರಾಣಿಗೂ ಒಂದೇ ನಿಯಮ. ವ್ಯತ್ಯಾಸವನ್ನು ಮಾತಿನಲ್ಲಿ ಹೇಳಿರಬೇಕು, ಬರೀ ಫೋಟೋ ಸಾಲದು. ಹೊಸ ಹೆಸರೆಂದು ಸ್ಪಷ್ಟವಾಗಿ ಸೂಚಿಸಿರಬೇಕು. ಹೋಲೋಟೈಪ್ ಇಂಥದ್ದೇ ಎಂದು ಗೊತ್ತುಪಡಿಸಿ, ಅದು ಯಾವ ಸಂಗ್ರಹದಲ್ಲಿ, ಯಾವ ಊರಿನಲ್ಲಿ ಇದೆ ಎಂದು ಬರೆದಿರಬೇಕು. "ಬಹುಶಃ ಹೊಸ ಪ್ರಭೇದ, ಹಾಗಿದ್ದಲ್ಲಿ ಈ ಹೆಸರು ಇರಲಿ" ಎಂಬ ಷರತ್ತಿನ ಹೆಸರು ನಿಲ್ಲದು.

ಲೇಖನ ಆನ್‌ಲೈನಿನಲ್ಲಿ ಮಾತ್ರ ಬರುವುದಾದರೆ 2012ರ ತಿದ್ದುಪಡಿ ಅನ್ವಯಿಸುತ್ತದೆ: ಪ್ರಕಟಣೆಗೆ ಮುಂಚೆ ಜೂಬ್ಯಾಂಕ್ ಎಂಬ ಪ್ರಾಣಿನಾಮಗಳ ಅಧಿಕೃತ ಆನ್‌ಲೈನ್ ನೋಂದಣಿಯಲ್ಲಿ ಲೇಖನವನ್ನೇ ನೋಂದಾಯಿಸಿ, ಆ ನೋಂದಣಿಯ ಸಾಕ್ಷ್ಯವನ್ನೂ ಪ್ರಕಟಣೆಯ ದಿನಾಂಕವನ್ನೂ ಲೇಖನದೊಳಗೆ ಹಾಕಬೇಕು. ಜೂಬ್ಯಾಂಕ್ ದಾಖಲೆಯಲ್ಲಿ ಪತ್ರಿಕೆಯ ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ) ಮತ್ತು ಅದನ್ನು ಶಾಶ್ವತವಾಗಿ ಕಾಪಿಡುವ ಆರ್ಕೈವ್‌ನ ಹೆಸರು ಇರಬೇಕು. ಪ್ರಭೇದದ ಹೆಸರನ್ನಷ್ಟೇ ನೋಂದಾಯಿಸಿ ಲೇಖನವನ್ನು ಮರೆಯುವುದು ಸುಲಭವಾಗಿ ಆಗುವ ತಪ್ಪು.

ಸಮ್ಮೇಳನದ ಸಾರಾಂಶದಲ್ಲಿ ಹೆಸರನ್ನು ಮೊದಲೇ ಹೇಳಬಹುದೇ?

ಬೇಡ. ಅದು ಪ್ರಕಟಣೆ ಎನಿಸುವುದಿಲ್ಲ, ಆದರೆ ಹೆಸರು ಊರೆಲ್ಲ ಸುತ್ತಿ ಗೊಂದಲ ಹುಟ್ಟಿಸುತ್ತದೆ. "ಹೊಸ ಪ್ರಭೇದ ಎ" ಎಂದು ಕರೆದರಾಯಿತು. ಪ್ರೀಪ್ರಿಂಟ್‌ಗೂ (ಪರಿಶೀಲನೆಗೆ ಮುಂಚೆ ಆನ್‌ಲೈನಿನಲ್ಲಿ ಹಾಕುವ ಕರಡು) ಇದೇ ಮಾತು.

ಹೆಸರು ಆರಿಸುವಾಗ ಏನು ನೋಡಬೇಕು?

ಮೊದಲು ಕುಲದ ಲಿಂಗ. ಕವಡೆ ಕುಲಗಳು ಬಹುಪಾಲು ಸ್ತ್ರೀಲಿಂಗ: ಸಿಪ್ರಿಯಾ, ಜೊಯಿಲಾ, ಉಂಬಿಲಿಯಾ. ವಿಶೇಷಣವಾದರೆ ಅದಕ್ಕೆ ಹೊಂದಬೇಕು, ಮ್ಯಾಗ್ನಸ್ ಅಲ್ಲ ಮ್ಯಾಗ್ನಾ. ಊರಿನ ಹೆಸರಿಗೆ -ಎನ್ಸಿಸ್. ಗಂಡಸಿನ ಹೆಸರಿಗೆ -ಐ, ಹೆಂಗಸಿಗೆ -ಏ, ಗಂಡಸರೂ ಇರುವ ಗುಂಪಿಗೆ -ಓರಮ್. ತನ್ನ ಹೆಸರನ್ನೇ ಇಟ್ಟುಕೊಳ್ಳಬಾರದೆಂಬ ನಿಯಮವಿಲ್ಲ. ಇಟ್ಟುಕೊಂಡವರನ್ನು ನೋಡಿ ಜನ ನಗುತ್ತಾರೆ, ಅಷ್ಟೆ.

ಎರಡನೆಯದು, ಅದೇ ಪದ ಹಿಂದೆ ಬಳಕೆಯಾಗಿದೆಯೇ ಎಂಬುದು. ಕುಲ ಖಚಿತವಿಲ್ಲವೆಂದು ಸಿಪ್ರಿಯಾ ಎಂದೇ ಹಾಕಿಬಿಟ್ಟರೆ ಅಪಾಯ ಹೆಚ್ಚು. 1758ರಿಂದ ಈಚೆಗೆ ಆ ಕುಲದಲ್ಲಿ ಹುಟ್ಟಿದ ಅಸಂಖ್ಯ ಹೆಸರುಗಳಲ್ಲಿ ಯಾವುದಾದರೂ ಒಂದು ನಿಮ್ಮದಕ್ಕೆ ಸಮನಾದರೆ, ಆ ಹಳೆಯ ಪ್ರಭೇದ ಈಗ ಬೇರೆ ಕುಲಕ್ಕೆ ಹೋಗಿದ್ದರೂ, ನಿಮ್ಮ ಹೆಸರು ಸಮನಾಮವಾಗಿ ಬಿದ್ದುಹೋಗುತ್ತದೆ.

ಮುಂದೆ ಯಾರಾದರೂ ನನ್ನ ಪ್ರಭೇದವನ್ನು ಬೇರೆ ಕುಲಕ್ಕೆ ಒಯ್ದರೆ?

ನಿಮ್ಮ ಹೆಸರು, ವರ್ಷ ಆವರಣದೊಳಗೆ ಹೋಗುತ್ತವೆ. ಲಿನ್ನೇಯಸ್ 1758ರಲ್ಲಿ ಸಿಪ್ರಿಯಾ ಮೊನೆಟಾ ಎಂದದ್ದು ಈಗ ಮೊನೆಟೇರಿಯಾ ಮೊನೆಟಾ (ಲಿನ್ನೇಯಸ್, 1758).

ಪದವಿ ಇಲ್ಲದ ಹವ್ಯಾಸಿ ಸಂಗ್ರಾಹಕರು ಹೆಸರಿಡಬಹುದೇ? ಹೋಲೋಟೈಪ್ ಮನೆಯಲ್ಲೇ ಇಟ್ಟುಕೊಳ್ಳಬಹುದೇ?

ಹೆಸರಿಡಬಹುದು, ನಿಯಮಸಂಹಿತೆ ಪದವಿ ಕೇಳುವುದಿಲ್ಲ. ಹೋಲೋಟೈಪನ್ನು ಮಾತ್ರ ಸಾರ್ವಜನಿಕ ಸಂಗ್ರಹಾಲಯಕ್ಕೆ ಕೊಟ್ಟು ಸಂಖ್ಯೆ ಪಡೆಯಲೇಬೇಕು, ಇಲ್ಲವಾದರೆ ಒಳ್ಳೆಯ ಪತ್ರಿಕೆಗಳು ಲೇಖನ ಮುಟ್ಟುವುದಿಲ್ಲ. ಪ್ಯಾರಟೈಪ್‌ಗಳನ್ನು ಎರಡು ಮೂರು ಸಂಸ್ಥೆಗಳಿಗೆ ಹಂಚುವುದು ಜಾಣತನ: ಬೆಂಕಿ, ಯುದ್ಧಗಳಲ್ಲಿ ಇಡೀ ಸಂಗ್ರಹಗಳು ಹೋದದ್ದಿದೆ.

ಅದೇ ಕವಡೆಯ ಮೇಲೆ ಬೇರೊಬ್ಬರು ಕೆಲಸ ಮಾಡುತ್ತಿದ್ದಾರೆಂದು ಗೊತ್ತಾದರೆ ಮೊದಲು ಅವರಿಗೆ ಬರೆಯಿರಿ. ಸಂಹಿತೆಯ ನೀತಿಸೂತ್ರ ಅವರಿಗೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಕಾಲ ಬಿಡಬೇಕೆನ್ನುತ್ತದೆ. ಎಷ್ಟೋ ಸಲ ಅವರ ಹತ್ತು ಚಿಪ್ಪು, ನಿಮ್ಮ ಹತ್ತು ಚಿಪ್ಪು ಸೇರಿ ಒಂದು ಗಟ್ಟಿ ಲೇಖನವಾಗುತ್ತದೆ.

ಪರಿಶೀಲಕರು ಯಾವುದಕ್ಕೆ ಲೇಖನವನ್ನು ವಾಪಸ್ ಕಳಿಸುತ್ತಾರೆ?

ತಳದ ಫೋಟೋದಲ್ಲಿ ಹಲ್ಲು ಸ್ಪಷ್ಟವಿಲ್ಲ. ಹೋಲಿಕೆಗೆ ಒಂದೇ ಪ್ರಭೇದ ತೆಗೆದುಕೊಂಡಿದ್ದಾರೆ, ಅದೂ ದೂರದ್ದು. ವ್ಯತ್ಯಾಸ ಎಂದು ಹೇಳಿದ್ದೆಲ್ಲ ಗಾತ್ರ ಮತ್ತು ದಪ್ಪ. ಸ್ತರದ ಕಾಲಕ್ಕೆ ಆಧಾರ ಕೊಟ್ಟಿಲ್ಲ. ಒಂದೇ ಪದರದಿಂದ ಮೂರು ಹತ್ತಿರದ ಹೊಸ ಪ್ರಭೇದ ಬರೆದಿದ್ದಾರೆ, ನಡುವಿನ ರೂಪಗಳ ಬಗ್ಗೆ ಚಕಾರವಿಲ್ಲ. ಈ ಕೊನೆಯದೇ ಕವಡೆಗಳಲ್ಲಿ ಹೆಚ್ಚು ಜಗಳ ಎಬ್ಬಿಸುವಂಥದ್ದು. ನಡುವಿನ ರೂಪಗಳು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅವನ್ನೂ ಅಳೆದು, ಪಟ್ಟಿಗೆ ಸೇರಿಸಿ, ಚಿತ್ರ ಹಾಕಿ. ಅವು ಎರಡು ಗುಂಪಾಗಿ ಒಡೆಯದಿದ್ದರೆ ಒಂದೇ ಹೆಸರು ಸಾಕು.